ಏಳನೆಯ ಕೈ

ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಸವನ ಬಾಗೇವಾಡಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಬಿಜಾಪುರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು ನನ್ನ ಬುದ್ಧಿಗಾಗಿ ಅಲ್ಲ, ನಾಲಿಗೆಗಾಗಿ. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಯಾರ ಕಟ್ಟೆಯ ಮೇಲೆ ಕೂರಿಸಿದರೂ ಮಾತಿಗೆ ಎಳೆಯುತ್ತಾಳೆ ಎಂದು ನನ್ನ ಹಳೆಯ ಮಾಸ್ತರರೊಬ್ಬರು ಶಿಫಾರಸು ಮಾಡಿದ್ದರು. ಅಲ್ಲಿಯ ಪ್ರೊಫೆಸರರಿಗೆ ಬೇಕಾಗಿದ್ದುದೂ ಅದೇ. ಕಿವುಡರ ಕೈಸನ್ನೆಗಳನ್ನು ಗುರುತು ಹಿಡಿಯಲು ಕಂಪ್ಯೂಟರಿಗೆ ಕಲಿಸುವ ಪ್ರಾಜೆಕ್ಟು ಅವರದು. ಅದಕ್ಕೆ ನೂರಾರು ಫೋಟೋ ಬೇಕು, ಫೋಟೋಕ್ಕೆ ಕೈಗಳು ಬೇಕು. ಹಳ್ಳಿ ಹಳ್ಳಿ ಅಲೆದು ಕೈಗಳನ್ನು ಹುಡುಕಿ, ಮಾತಾಡಿ ಒಪ್ಪಿಸಿ, ಕ್ಯಾಮೆರಾದ ಮುಂದೆ ತಂದು ಕೂರಿಸುವವಳು ನಾನು.

ಊರ ಸ್ಟುಡಿಯೋಗಳಲ್ಲಿ ಇನ್ನೂ ರೀಲು ನಡೆಯುತ್ತಿದ್ದ ದಿನಗಳು ಅವು. ಕಾಲೇಜಿಗೆ ಮಾತ್ರ ಹೊಸ ಡಿಜಿಟಲ್ ಕ್ಯಾಮೆರಾ ಬಂದಿತ್ತು. ನನ್ನ ತಾಯಿ ಓಣಿಯಲ್ಲೆಲ್ಲ, “ನಮ್ಮಾಕಿ ಮೂಕರ ಸೇವಾ ಮಾಡ್ಲಿಕತ್ತಾಳ್ರಿ,” ಎಂದು ಹೇಳಿಕೊಂಡು ಬಂದಳು.

ಪ್ರೊಫೆಸರರನ್ನು ಕೆಟ್ಟ ಮನುಷ್ಯ ಅಂದುಬಿಟ್ಟರೆ ನನಗೆ ಬಹಳ ಸುಲಭ. ಆದರೆ ಅವರು ಎಂದೂ ದನಿ ಏರಿಸಿದವರಲ್ಲ. ಮುದ್ದೇಬಿಹಾಳ ತಾಲೂಕಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ತಮ್ಮ ಓದಿನ ಬಲದಿಂದಲೇ ಮೇಲೆ ಬಂದವರು. ಜೀಪಿನಲ್ಲಿ ಹೋಗುವಾಗ ಯಾವ ಊರಿನ ಜೋಳ ಹೇಗೆ, ಯಾವ ಊರಿನ ನೀರು ಹೇಗೆ ಎಂದು ಹೇಳುತ್ತಿದ್ದರು. ಒಂದೇ ಒಂದು ರೂಢಿ ಅವರದು. ಸಂಜೆ ಡೈರಿ ತೆಗೆದು, “ಇವತ್ತ ಎಷ್ಟ ಕೈ ಸಿಕ್ಕೂ?” ಎಂದು ಕೇಳುತ್ತಿದ್ದರು. ಮೊದಲ ವಾರ ನನಗೆ ಅದು ತಮಾಷೆಯಾಗಿ ಕೇಳಿಸಿತು. ಎರಡನೆಯ ವಾರಕ್ಕೆ ನಾನೂ ಹಾಗೆಯೇ ಮಾತಾಡುತ್ತಿದ್ದೆ. “ಎರಡ ಸಿಕ್ಕಾವ್ರಿ ಸರ್, ಒಂದು ಹೆಣ್ಣಿಂದು.”

ನಮ್ಮ ಸಾಮಾನು ಇಷ್ಟು: ಒಂದು ಕರಿ ಬಟ್ಟೆ, ಎರಡು ದೊಡ್ಡ ದೀಪ, ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಒಂದು ಟವೆಲ್, ಪ್ಲಾಸ್ಟಿಕ್ ಬಾಟಲಿಯಲ್ಲಿ ಡೆಟಾಲ್ ಬೆರೆಸಿದ ನೀರು. ಕೈಗೆ ಮಣ್ಣು, ಎಣ್ಣೆ, ಅರಿಷಿಣ ಇದ್ದರೆ ಬಣ್ಣ ಬದಲಾಗುತ್ತದೆ ಎಂದು ಎಲ್ಲರ ಕೈಗಳನ್ನೂ ಆ ನೀರಿನಿಂದ ಒರೆಸುತ್ತಿದ್ದೆವು. ಫೋಟೋ ಮುಗಿದ ಮೇಲೆ ಪ್ರೊಫೆಸರರು ತಮ್ಮ ಕೈಯನ್ನೂ ಒರೆಸಿಕೊಳ್ಳುತ್ತಿದ್ದರು. ಅವರು ಯಾರನ್ನೂ ಮುಟ್ಟಿರುತ್ತಿರಲಿಲ್ಲ. ಮುಟ್ಟುವವಳು ನಾನು.

ಇನ್ನೊಂದು ಕಾಗದ ಇತ್ತು. ಇಂಟರ್ನೆಟ್ಟಿನಿಂದ ತೆಗೆದ ಚಾರ್ಟು, ಇಂಗ್ಲಿಷ್ ಅಕ್ಷರಗಳಿಗೆ ಒಂದೊಂದು ಕೈಯ ಆಕಾರ. ಅದು ದೂರದ ಯಾವುದೋ ದೇಶದ ಕಿವುಡರದು. ನಮ್ಮ ಕಡೆಯ ಸಾಲೆಗಳಲ್ಲಿ ಕಲಿಸುವುದು ಎರಡು ಕೈಯ ಅಕ್ಷರ ಎಂದು ನಾನು ಕೇಳಿ ತಿಳಿದುಕೊಂಡು ಬಂದು ಹೇಳಿದೆ. ಎರಡು ಕೈ ಒಂದರ ಮೇಲೊಂದು ಬಂದರೆ ಪ್ರೋಗ್ರಾಮಿಗೆ ಬಿಡಿಸಲು ಬರುವುದಿಲ್ಲ, ಅದಕ್ಕೇ ಇದನ್ನು ಆರಿಸಿದ್ದು ಎಂದರು ಪ್ರೊಫೆಸರರು. ಇಪ್ಪತ್ತಾರರಲ್ಲಿ ಎರಡು ಅಕ್ಷರಗಳಿಗೆ ಕೈ ಆಡಿಸಬೇಕಾಗುತ್ತಿತ್ತು. ಫೋಟೋದಲ್ಲಿ ಆಡುವುದು ಕಾಣುವುದಿಲ್ಲವಲ್ಲ, ಅವೆರಡನ್ನೂ ಬಿಟ್ಟರು. ಉಳಿದವು ಇಪ್ಪತ್ನಾಲ್ಕು. ನಾವು ಹುಡುಕಿದ ಹಳ್ಳಿಯ ಕಿವುಡರಲ್ಲಿ ಒಬ್ಬರೂ ಸಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಈ ಇಪ್ಪತ್ನಾಲ್ಕು ಆಕಾರಗಳಲ್ಲಿ ಒಂದೂ ಗೊತ್ತಿರಲಿಲ್ಲ. ನಾನು ಅವರ ಬೆರಳು ಹಿಡಿದು, ಚಾರ್ಟು ನೋಡಿಕೊಂಡು, ಮಡಚಿ ಕೂರಿಸುತ್ತಿದ್ದೆ. ಆಮೇಲೆ ಫೋಟೋ. ಕಿವುಡರ ಸನ್ನೆ ಎಂದು ನಾವು ಒಯ್ಯುತ್ತಿದ್ದುದು ನಾನೇ ಆಗಷ್ಟೇ ಹೇಳಿಕೊಟ್ಟದ್ದನ್ನು.

ಇಂಡಿಯಲ್ಲಿ ಲಿಂಬೆಹಣ್ಣು ಆರಿಸುವ ಕೆಲಸದ ಒಬ್ಬ ಗಂಡಸು ಸಿಕ್ಕ. ಬೆಳಗಿನಿಂದ ಗಿಡದಿಂದ ಹಣ್ಣು ಕಿತ್ತು ಬಂದು ಈಗ ಮಾರುಕಟ್ಟೆಯಲ್ಲಿ ಸಣ್ಣದು ದೊಡ್ಡದು ಬೇರ್ಪಡಿಸುತ್ತಿದ್ದ. ಕೈತುಂಬ ಮುಳ್ಳು ಗೀರಿದ ಗಾಯ. ಡೆಟಾಲ್ ನೀರು ಹಚ್ಚಿದ ಕೂಡಲೇ ಕೈ ಹಿಂದೆಳೆದುಕೊಂಡ. “ಸ್ವಲ್ಪ ಉರೀತೈತಿ, ಆಮ್ಯಾಲ ಆರಾಮ ಆಗ್ತೈತಿ,” ಎಂದರು ಪ್ರೊಫೆಸರರು ಅವನಿಗೆ. ಕಿವಿ ಕೇಳದವನಿಗೆ ಹಾಗೆ ಹೇಳಿದ್ದು ನೋಡಿ ನನಗೆ ನಗು ಬಂತು. ನನ್ನ ನಗು ನೋಡಿ ಅವನೂ ನಕ್ಕ, ಮತ್ತೆ ಕೈ ಮುಂದೆ ಮಾಡಿದ. ಅವನ ಕಣ್ಣಲ್ಲಿ ಉರಿಯಿಂದ ನೀರು ಬಂದಿತ್ತು.

ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ಒಬ್ಬ ಕಿವುಡ ದರ್ಜಿ. ನಾವು ಬರುವ ಸುದ್ದಿ ತಿಳಿದು ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕಾದಿದ್ದ. ಕರಿ ಬಟ್ಟೆಯ ಮೇಲೆ ಬಲಗೈ ಇಟ್ಟಾಗ ನೋಡಿದರೆ ತೋರುಬೆರಳಿನ ತುದಿ ಇಲ್ಲ. ಪ್ರೊಫೆಸರರು ಒಂದು ಕ್ಷಣ ನೋಡಿ, “ಈ ಕೈ ಬ್ಯಾಡ, ಕಟ್ರಿ ಸಾಮಾನು,” ಎಂದರು. ನಾನು ದೀಪ ಆರಿಸಿದೆ. ಅವನ ಕೈಯ ಅಡಿಯಿಂದ ಬಟ್ಟೆ ಎಳೆದು ಮಡಚಿದೆ. ಅವನು ಬರೀ ಮೇಜಿನ ಮೇಲೆ ಕೈ ಚಾಚಿಕೊಂಡು, ನಗುಮುಖದಿಂದ ಕ್ಯಾಮೆರಾ ಇದ್ದ ಕಡೆಗೆ ನೋಡುತ್ತ ಕೂತೇ ಇದ್ದ. ತನ್ನ ಫೋಟೋ ತೆಗೆಯುತ್ತಾರೆ ಎಂದುಕೊಂಡಿದ್ದ ಆತ. ಸುಳ್ಳುಸುಳ್ಳೇ ಒಮ್ಮೆ ಗುಂಡಿ ಒತ್ತಿದ್ದರೂ ಆಗುತ್ತಿತ್ತು. ನಮಗೆ ಅಷ್ಟೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದೂ ಪೂರಾ ನಿಜವಲ್ಲ. ನನಗೆ ಹೊಳೆದಿತ್ತು. ಬಿಸಿಲು ಏರುತ್ತಿತ್ತು, ಜೀಪಿನಲ್ಲಿ ಹೋಗಿ ಕೂತೆ.

ತಂಗಡಗಿಗೆ ಹೋದದ್ದು ಇದಾದ ಮೇಲೆ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಮನೆ. ಸೊಸೆ ಹುಟ್ಟಿನಿಂದ ಕಿವುಡಿ, ಮಸೂತಿಯಿಂದ ಮದುವೆಯಾಗಿ ಬಂದವಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಗಂಡ ಹೊಲಕ್ಕೆ ಹೋಗಿದ್ದ. ನಾವು ಒಳಗೆ ಬಂದಾಗ ಅತ್ತೆ ಸೊಸೆ ಇಬ್ಬರೂ ಎದುರುಬದುರು ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ಆರಿಸುತ್ತಲೇ ಮಾತು ನಡೆದಿತ್ತು. ಸೊಸೆ ಏನೋ ಕಥೆ ಹೇಳುತ್ತಿದ್ದಳು. ತಲೆಯ ಎರಡೂ ಕಡೆ ಕೋಡು ಮಾಡಿದಳು, ಕೆನ್ನೆ ಉಬ್ಬಿಸಿದಳು, ಹಗ್ಗ ಹರಿದ ಹಾಗೆ ಕೈ ಜಾಡಿಸಿದಳು, ಆಮೇಲೆ ಯಾರೋ ಮುದುಕ ಧೋತರ ಎತ್ತಿಕೊಂಡು ಓಡಿದ ಹಾಗೆ ಕೂತಲ್ಲೇ ಭುಜ ಕುಣಿಸಿದಳು. ಅತ್ತೆ ಮೊರ ಬದಿಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೈಯಿಂದಲೇ ತಿರುಗಿ ಏನೋ ಕೇಳಿದಳು. ಎಮ್ಮೆ ಹಗ್ಗ ಹರಿದುಕೊಂಡು ಒಬ್ಬ ಮುದುಕನನ್ನು ಅಟ್ಟಿಸಿಕೊಂಡು ಹೋದ ಕಥೆ ಎಂದು ಬಾಗಿಲಲ್ಲಿ ನಿಂತ ನನಗೂ ಗೊತ್ತಾಯಿತು, ನಾನೂ ನಕ್ಕೆ.

ಪ್ರೊಫೆಸರರೂ ನೋಡಿದರು. “ಇದು ಮನಿಸನ್ನಿ, ಇವರ ಮನ್ಯಾಗಷ್ಟ ನಡಿಯೂದು,” ಎಂದರು ನನಗೆ, “ಇದರಾಗ ಮಾರಿ ಬರ್ತೈತಿ, ಭುಜ ಬರ್ತೈತಿ, ಪ್ರೋಗ್ರಾಮಿಗೆ ಉಪಯೋಗ ಇಲ್ಲ. ಚಾರ್ಟ್ ತೋರಿಸ್ರಿ.”

ಬೇಳೆ ಮೊರ ಸರಿಸಿ ಅಲ್ಲೇ ಕರಿ ಬಟ್ಟೆ ಹಾಸಿದೆವು. ಸೊಸೆಯ ಕೈತುಂಬ ಹಸಿರು ಗಾಜಿನ ಬಳೆ, ಒಂದೊಂದು ಕೈಗೆ ಡಜನ್ನಿನ ಹತ್ತಿರ. ಪ್ರೋಗ್ರಾಮು ಚರ್ಮದ ಬಣ್ಣ ನೋಡಿ ಇದು ಕೈ, ಇದು ಬಟ್ಟೆ ಎಂದು ಬೇರ್ಪಡಿಸುತ್ತಿತ್ತು. ನಡುವೆ ಬಳೆಯ ಹೊಳಪು ಬಂದರೆ ಕೆಡುತ್ತಿತ್ತು. ಅಲ್ಲಿಯವರೆಗೆ ಸಿಕ್ಕ ಹೆಣ್ಣುಕೈಗಳೆಲ್ಲ ಚಿಕ್ಕ ಹುಡುಗಿಯರವು, ಬಳೆ ಕಳಚಿ ಕಿಸೆಗೆ ಹಾಕಿಕೊಂಡಿದ್ದರು. ಪ್ರೊಫೆಸರರು ನನ್ನನ್ನು ಬಾಗಿಲ ಬಳಿ ಕರೆದು ದನಿ ತಗ್ಗಿಸಿದರು.

“ಬಳಿ ತೆಗೆಸ್ರಿ. ನೀವ ಹೇಳ್ರಿ, ನಾ ಹೇಳಿದ್ರ ಚಂದ ಕಾಣೂದಿಲ್ಲ. ನಮ್ಮವ್ವನೂ ಜೀವ ಹೋದ್ರೂ ತೆಗೀತಿರಲಿಲ್ಲ, ನನಗ ಗೊತ್ತೈತಿ.”

ಗೊತ್ತಿದ್ದೂ ಕೇಳುತ್ತಿದ್ದರು. ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ.

“ಏನಂದ್ರಿ ಬಾಯಾರ?” ಎಂದಳು ಅತ್ತೆ. “ಗಂಡ ಹೊಲದಾಗ ಅದಾನ. ಮುತ್ತೈದಿ ಕೈ ಬರಿದ ಮಾಡಂತೀರೇನ್ರಿ?”

“ಹತ್ತ ನಿಮಿಷದ ಕೆಲಸ ಯವ್ವಾ. ದವಾಖಾನ್ಯಾಗ ಆಪರೇಶನ್ ಮಾಡುಮುಂದ ತೆಗಿಸ್ತಾರಲ್ಲ, ಹಂಗ ಅಂತ ತಿಳ್ಕೋರಿ.”

“ಆಕಿಗೇನ್ ಬ್ಯಾನಿ ಆಗೈತ್ರಿ?”

“ಬ್ಯಾನಿ ಅಲ್ಲ. ಮುಂದ ಇಂಥವರಿಗೇ ಅನುಕೂಲ ಆಗ್ತದ. ಆಕಿ ಕೈ ಮಾಡಿದ್ರ ಕಂಪ್ಯೂಟರಿಗೆ ಆಕಿ ಮಾತು ತಿಳೀತದ.”

“ಆಕಿ ಮಾತು ನನಗ ತಿಳೀತೈತಲ್ರಿ,” ಎಂದಳು ಅತ್ತೆ. “ಕಂಪ್ಯೂಟರ್ ಕೂಡ ಆಕಿ ಏನ್ ಮಾತಾಡ್ತಾಳ?”

ಅಲ್ಲಿಗೆ ಎದ್ದು ಬರಬೇಕಾಗಿತ್ತು. ಎದ್ದು, “ಆಗೂದಿಲ್ಲಂತ್ರಿ ಸರ್,” ಅಂದಿದ್ದರೆ ಅವರು ಸುಮ್ಮನೆ ಜೀಪು ಹತ್ತುತ್ತಿದ್ದರು, ಅಷ್ಟು ನನಗೆ ಗೊತ್ತು. ಆದರೆ ಒಪ್ಪಿಸುವುದೇ ನನ್ನ ಕೆಲಸ, ಅದರಲ್ಲಿ ನಾನು ಹುಷಾರು ಎಂಬ ಹೆಸರು ಬಂದುಬಿಟ್ಟಿತ್ತು. ಹೆಸರು ಉಳಿಸಿಕೊಳ್ಳಲು ಬಾಯಿಗೆ ಬಂದ ಸುಳ್ಳು ಹೇಳಿದೆ. “ನಾಳೆ ಇಂಥವರಿಗೆ ಮಾಸಾಶನ ಮಂಜೂರು ಆಗಬೇಕಂದ್ರ ಈ ಫೋಟೋ ಇರಬೇಕಾಗ್ತದ ನೋಡ್ರಿ.” ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ.

ಅತ್ತೆ ಸೊಸೆಯ ಕಡೆ ತಿರುಗಿ, ಬಳೆ ಮುಟ್ಟಿ, ಕಳಚುವ ಹಾಗೆ ಮಾಡಿ, ನಮ್ಮನ್ನು ತೋರಿಸಿ, ಏನೇನೋ ಹೇಳಿದಳು. ಸೊಸೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಪ್ರೊಫೆಸರರನ್ನು ಆಕೆ ನೋಡಲಿಲ್ಲ. ನನ್ನನ್ನು ನೋಡಿದಳು. ನಾನೂ ಹೆಂಗಸಾಗಿದ್ದೆನಲ್ಲ, ಅದಕ್ಕೆ.

ಸಾಬೂನು ನೀರು ತರಿಸಿದೆ. ಎಡಗೈಯವು ಸಲೀಸಾಗಿ ಬಂದವು. ಬಲಗೈಯಲ್ಲಿ ಕೊನೆಯ ಎರಡು ಬಿಗಿಯಾಗಿದ್ದವು. ಹೆಬ್ಬೆರಳ ಬುಡ ಅದುಮಿ ಹಿಡಿದು ನಾನೇ ಎಳೆದೆ. ಒಂದು ಬಂತು. ಇನ್ನೊಂದು ಚಟ್ಟನೆ ಮುರಿದು, ಚೂರು ಆಕೆಯ ಹೆಬ್ಬೆರಳ ಗೆಣ್ಣಿಗೆ ನಾಟಿತು. ನಮ್ಮ ಮನೆಯಲ್ಲಿ, ಅಪಶಕುನವೆಂದು, ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. “ಹೆಚ್ಚಿತು,” ಎಂದೆ ನಾನು, ಆ ಒಂದು ಮಾತಿನಿಂದ ಎಲ್ಲ ಸರಿಹೋಗುತ್ತದೆ ಅನ್ನುವ ಹಾಗೆ. ಅತ್ತೆ ಗಾಜಿನ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಆರಿಸಿಕೊಂಡಳು.

“ರಕ್ತ ವರಸ್ರಿ, ಕಲರ್ ಬದಲಾಗ್ತೈತಿ,” ಎಂದರು ಪ್ರೊಫೆಸರರು. ಡೆಟಾಲ್ ನೀರಿನ ಟವೆಲ್ಲಿನಿಂದ ಒರೆಸಿದೆ. ಮತ್ತೆ ಬಂತು, ಮತ್ತೆ ಒರೆಸಿದೆ. ಲಿಂಬೆಹಣ್ಣಿನವನ ಹಾಗೆ ಈಕೆ ಕೈ ಎಳೆದುಕೊಳ್ಳಲಿಲ್ಲ. ಸುಮ್ಮನೆ ಬಿಟ್ಟಳು, ಬೇರೆ ಯಾರದೋ ಕೈ ಎಂಬ ಹಾಗೆ.

ಇಪ್ಪತ್ನಾಲ್ಕು ಅಕ್ಷರಗಳನ್ನು ಆಕೆ ಕಲಿತಷ್ಟು ಬೇಗ ಯಾರೂ ಕಲಿತಿರಲಿಲ್ಲ. ಒಮ್ಮೆ ಚಾರ್ಟು ನೋಡಿದರೆ ಸಾಕು, ಬೆರಳು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದವು. ಒಂದೊಂದು ಆಕಾರ ಮಾಡಿದ ಮೇಲೂ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆ ನನ್ನ ಮುಖ ನೋಡುತ್ತಿದ್ದಳು.

“ಇದರ ಅರ್ಥ ಏನಂತ ಕೇಳಾಕತ್ತಾಳ್ರಿ.”

“ಅರ್ಥ ಇಲ್ಲ ಯವ್ವಾ. ಇಂಗ್ಲಿಷ್ ಅಕ್ಷರ.”

“ಅರ್ಥ ಇಲ್ಲ ಅನ್ನೂದನ್ನ ಆಕಿಗೆ ಹೆಂಗ ಹೇಳ್ಲಿ?” ಎಂದಳು ಅತ್ತೆ.

ಇಷ್ಟಾದ ಮೇಲೂ ನಮ್ಮನ್ನು ಉಣ್ಣದೆ ಕಳಿಸಲಿಲ್ಲ ಅವರು. ಸಾಮಾನು ಕಟ್ಟುವಷ್ಟರಲ್ಲಿ ಅತ್ತೆ ಅರಿಷಿಣ ಹಚ್ಚಿದ ದಾರವನ್ನು ಸೊಸೆಯ ಎರಡೂ ಮಣಿಕಟ್ಟಿಗೆ ಸುತ್ತಿದ್ದಳು. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಿರಬಾರದು. ಕಳಚಿದ ಬಳೆ ಮತ್ತೆ ತೊಡುವಂತಿಲ್ಲ, ಬಳೆಗಾರ ಬರುವ ತನಕ ಇದೇ ಇರಲಿ ಎಂದಳು. ಆ ದಾರದ ಕೈಯಿಂದಲೇ ಸೊಸೆ ನಮಗೆ ಬಿಸಿರೊಟ್ಟಿ, ಝುಣಕ ಬಡಿಸಿದಳು. ಹೆಬ್ಬೆರಳಿಗೆ ಅರಿಷಿಣ ಮೆತ್ತಿದ್ದಳು. ಪ್ರೊಫೆಸರರು ಶೇಂಗಾ ಹಿಂಡಿ ಇನ್ನೊಂದು ಸಲ ಹಾಕಿಸಿಕೊಂಡು, “ಎಷ್ಟ ವರ್ಷ ಆಗಿತ್ರಿ ಇಂಥಾದ್ದು ತಿಂದು,” ಎಂದರು. ನಾನೂ ಹೊಟ್ಟೆತುಂಬ ಉಂಡೆ. ಅದನ್ನು ನೆನೆಸಿಕೊಂಡರೆ ಬಳೆ ಮುರಿದದ್ದಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಕಾಲೇಜಿಗೆ ಮರಳಿ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದೆವು. ತಂಗಡಗಿಯ ಹೆಣ್ಣುಮಗಳು ನಮ್ಮ ಪಟ್ಟಿಯಲ್ಲಿ ಏಳನೆಯವಳು. ಒಂದರಿಂದ ಆರರವರೆಗೆ ಹೇಗೋ ನಡೆಯಿತು. ಏಳರ ಫೋಟೋಗಳಲ್ಲಿ ಪ್ರೋಗ್ರಾಮಿಗೆ ಕೈಯೇ ಸಿಗಲಿಲ್ಲ. ಹೊಲದ ಬಿಸಿಲಲ್ಲಿ ಬೆಳೆದ ಕಪ್ಪು ಕೈ, ಕೆಳಗೆ ಕರಿ ಬಟ್ಟೆ. ತೆರೆಯ ಮೇಲೆ ಉಗುರಿದ್ದಲ್ಲಿ, ಅಂಗೈಯ ಅಂಚಿದ್ದಲ್ಲಿ ನಾಲ್ಕಾರು ಬಿಳಿ ಚುಕ್ಕೆ ಬಂದವು, ಅಷ್ಟೇ. ಪ್ರೊಫೆಸರರು ಪ್ರೋಗ್ರಾಮಿನ ಅಂಕಿ ಬದಲಿಸಿ ಬದಲಿಸಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಹಿಂದಕ್ಕೆ ತಳ್ಳಿ ನನ್ನ ಕಡೆ ನೋಡಿದರು.

“ಪ್ರಾಜೆಕ್ಟಿನಾಗ ಹತ್ತ ಮಂದಿ ಅಂತ ಬರದು ಕೊಟ್ಟೇವಿ. ಒಂದು ಬಿಟ್ರ ಆಗೂದಿಲ್ಲ. ಕೂಡ್ರಿ ಇಲ್ಲೆ, ನಿಮ್ಮ ಕೈ ಇಡ್ರಿ.”

ನನ್ನ ಕೈ ನನ್ನ ತಾಯಿಯ ಕೈಯ ಹಾಗೆ ಬೆಳ್ಳಗಿದೆ. ಕೈಗಡಿಯಾರ, ಒಂದು ಪ್ಲಾಸ್ಟಿಕ್ ಬಳೆ ಇದ್ದವು. ಯಾವ ಸಾಬೂನು ನೀರೂ ಬೇಕಾಗಲಿಲ್ಲ, ಎರಡೂ ಒಂದು ಗಳಿಗೆಯಲ್ಲಿ ಹೊರಗೆ. ಇಪ್ಪತ್ನಾಲ್ಕು ಆಕಾರ ನನಗೆ ಬಾಯಿಪಾಠದ ಹಾಗೆ ಬರುತ್ತಿದ್ದವು. ಅರ್ಧ ತಾಸಿನಲ್ಲಿ ಮುಗಿಯಿತು. ಆಮೇಲೆ ಫೈಲುಗಳಿಗೆ ಹೆಸರು ಕೊಡುವ ಕೆಲಸ, ಅದು ಯಾವಾಗಲೂ ನನ್ನದೇ. ಏಳು, ಹೆಣ್ಣು, ಹುಟ್ಟು ಕಿವುಡು, ತಂಗಡಗಿ. ಹಳೆಯವನ್ನು ಅಳಿಸಿ ಇವನ್ನು ಇಟ್ಟೆ. ಕಂಪ್ಯೂಟರು, ಖಾತ್ರಿಯೇ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಕೆಲವು ತಿಂಗಳ ಮೇಲೆ ಕಾಲೇಜಿನಲ್ಲೇ ಒಂದು ಸೆಮಿನಾರು ನಡೆಯಿತು. ಬೇರೆ ಊರಿನ ದೊಡ್ಡವರು ಬಂದಿದ್ದರು. ಪ್ರೊಫೆಸರರು ಹಳ್ಳಿಗಾಡಿನ ಕಿವುಡರ ಕೈಗಳು ಎಂದು ಒಂದೊಂದಾಗಿ ಗೋಡೆಯ ಮೇಲೆ ತೋರಿಸುತ್ತ ಬಂದರು. ಏಳನೆಯದು ಬಂದಾಗ ಮುಂದಿನ ಸಾಲಿನ ಒಬ್ಬರು, ಇದು ಎಷ್ಟು ಸ್ಪಷ್ಟವಾಗಿದೆ, ಎಲ್ಲವೂ ಹೀಗೇ ಇರಬೇಕಿತ್ತು ಎಂದರು. ಗೋಡೆಯಷ್ಟು ದೊಡ್ಡದಾಗಿದ್ದ ಆ ಕೈಯ ಮೇಲೆ ಒಗ್ಗರಣೆಯ ಎಣ್ಣೆ ಸಿಡಿದ ನನ್ನ ಕಲೆ ಕಾಣುತ್ತಿತ್ತು. ನಾನು ಕೈಗಳೆರಡನ್ನೂ ದುಪಟ್ಟಾದೊಳಗೆ ಮುಚ್ಚಿಕೊಂಡೆ.

ಸಂಜೆ ಧೈರ್ಯ ಮಾಡಿ, “ಸರ್, ಆ ಏಳನೇದು ಆಕಿದಲ್ರಿ, ನನ್ನ ಕೈ,” ಎಂದೆ.

“ಕೈ ಅಂದ್ರ ಕೈನ ಅಲ್ಲೇನ್ರಿ,” ಎಂದರು ಅವರು, ಬ್ಯಾಗಿನ ಜಿಪ್ಪು ಎಳೆಯುತ್ತ. “ಆಕಿಗೇನ್ ಲುಕ್ಸಾನ್ ಆತು?”

ಅವತ್ತೇ ಕೆಲಸ ಬಿಟ್ಟೆ ಎಂದು ಬರೆಯಬೇಕೆಂದು ಬಹಳ ಸಲ ಅನಿಸಿದೆ. ಬಿಡಲಿಲ್ಲ. ಇನ್ನೂ ನಾಲ್ಕು ತಿಂಗಳು ಹೋದೆ, ಪ್ರಾಜೆಕ್ಟು ಮುಗಿಯುವ ತನಕ. ಬಾಗೇವಾಡಿಯ ಒಂದು ಸಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕ ಮೇಲಷ್ಟೇ ಬಿಜಾಪುರದ ಬಸ್ಸು ಹತ್ತುವುದು ನಿಂತಿತು.

ಅದರ ಮುಂದಿನ ಬೇಸಿಗೆಯಲ್ಲಿ ಒಬ್ಬಳೇ ತಂಗಡಗಿಗೆ ಹೋದೆ. ಹೇಗಿದ್ದಾಳೋ ನೋಡಬೇಕು ಅನಿಸಿತ್ತು ಎನ್ನಬಹುದು. ಖರೇ ಹೇಳಬೇಕೆಂದರೆ, ಆಕೆ ಚೆನ್ನಾಗಿದ್ದಾಳೆ ಎಂದು ಕಂಡರೆ ನನಗೆ ನಿದ್ದೆ ಬಂದೀತು ಎಂದು ಹೋದೆ. ಆಕೆ ಚೆನ್ನಾಗಿಯೇ ಇದ್ದಳು. ಕೈತುಂಬ ಹಸಿರು ಬಳೆ ಇದ್ದವು. ಗಂಡ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ, ನನ್ನನ್ನು ನೋಡಿ, “ಬರ್ರಿ,” ಎಂದು ಎದ್ದು ಹೊರಗೆ ಹೋದ. ಅತ್ತೆ ನೀರು ಕೊಟ್ಟಳು. ಮೊದಲು ಕೇಳಿದ್ದೇ ಅದು.

“ಮಾಸಾಶನದ್ದು ಏನಾತ್ರಿ ಬಾಯಾರ? ಮುದ್ದೇಬಿಹಾಳಕ್ಕ ಎರಡ ಸರತಿ ಹೋಗಿ ಬಂದ್ವಿ. ಆ ಫೋಟೋದ ಸುದ್ದಿ ಯಾರಿಗೂ ಗೊತ್ತಿಲ್ಲಂತಾರ.”

“ಅದು ನಾ ಸುಳ್ಳ ಹೇಳಿದ್ದೆ ಯವ್ವಾ,” ಎಂದೆ. ತಲೆ ಎತ್ತಲಾಗಲಿಲ್ಲ.

ಅತ್ತೆ ನನ್ನನ್ನು ಬೈಯಲಿಲ್ಲ. “ಹೌದೇನ್ರಿ,” ಎಂದಳು, ಅಷ್ಟೇ.

ಸೊಸೆ ಒಲೆಯ ಹತ್ತಿರದಿಂದ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಏನು ಮಾತು ನಡೆದಿದೆ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಹೇಳಲಿಲ್ಲ, ನನ್ನ ಕಡೆ ಬೆರಳು ಮಾಡಿದಳು.

“ನನ್ನ ತಪ್ಪಾತು ಅಂತ ಆಕಿಗೆ ಹೆಂಗ ಹೇಳೂದು ಯವ್ವಾ?” ಎಂದು ಕೇಳಿದೆ. ವರ್ಷಕ್ಕೂ ಮೇಲೆ ಕಿವುಡರ ಸನ್ನೆಯದೇ ಕೆಲಸ ಮಾಡಿದವಳು ನಾನು.

“ಬರೇ ತಪ್ಪಾತು ಅಂದ್ರ ಆಕಿಗೆ ತಿಳಿಯೂದಿಲ್ರಿ,” ಎಂದಳು ಅತ್ತೆ. “ಏನ್ ತಪ್ಪ ಮಾಡೀರಿ, ಅದನ್ನ ತೋರಿಸಬೇಕಾಗ್ತೈತಿ.”

ಆಕೆಯ ಮುಂದೆ ನೆಲದ ಮೇಲೆ ಕೂತೆ. ಆಕೆಯ ಬಳೆ ಮುಟ್ಟಿದೆ. ನನ್ನ ಕೈಗೆ ಸಾಬೂನು ಹಚ್ಚುವ ಹಾಗೆ ಮಾಡಿ, ಎಳೆದು, ಮುರಿದು ತೋರಿಸಿದೆ. ಹೆಬ್ಬೆರಳ ಗೆಣ್ಣು ತೋರಿಸಿದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಆಕೆ ಹೊಡೆಯುವ ಕೈ ಹಿಡಿದು ನಿಲ್ಲಿಸಿದಳು, ಆದರೆ ಕಣ್ಣು ನನ್ನ ಮುಖದಿಂದ ಕದಲಲಿಲ್ಲ. ಹುಬ್ಬು ಎತ್ತಿದಳು. ಮುಂದೆ ಏನು ಎಂದು ಕೇಳುತ್ತಿದ್ದಳು. ಇನ್ನೂ ಇದೆ ಎಂದು ಆಕೆಗೆ ನನ್ನ ಮುಖದಲ್ಲಿ ಕಂಡಿರಬೇಕು.

ನಿನ್ನ ಕೈ ಕಪ್ಪು, ಅದನ್ನು ಎಸೆದು ನನ್ನ ಕೈಯನ್ನು ನಿನ್ನದು ಎಂದು ಇಟ್ಟೆ ಎಂದು ತೋರಿಸುವುದೇನೂ ಕಷ್ಟವಿರಲಿಲ್ಲ. ಆಕೆಯ ಕೈ ಮುಟ್ಟಿ, ನನ್ನದು ಮುಟ್ಟಿ, ಅದಲುಬದಲು ಮಾಡಿದ್ದರೆ ಸಾಕಿತ್ತು. ಅತ್ತೆಯೂ ನೋಡುತ್ತಿದ್ದಳು. ನನ್ನಿಂದ ಆಗಲಿಲ್ಲ. ಅಂಗೈಗಳೆರಡನ್ನೂ ಒಂದಕ್ಕೊಂದು ಜಾಡಿಸಿ, ಮುಗಿಯಿತು, ಇಷ್ಟೇ ಎಂದು ತೋರಿಸಿದೆ. ಆಕೆಯ ಭಾಷೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಆಕೆ ಇನ್ನಷ್ಟು ಹೊತ್ತು ನೋಡಿ, ಎದ್ದು ಒಲೆಯ ಕಡೆ ಹೋದಳು. ಬೆನ್ನು ಈ ಕಡೆ ಮಾಡಿಕೊಂಡು ರೊಟ್ಟಿ ಬಡಿಯತೊಡಗಿದಳು. ಊಟಕ್ಕೆ ಏಳಿ ಎಂದು ಈ ಸಲ ಯಾರೂ ಕರೆಯಲಿಲ್ಲ. ನಾಲ್ಕರ ಬಸ್ಸಿಗೆ ಮುದ್ದೇಬಿಹಾಳಕ್ಕೆ ಬಂದು, ಅಲ್ಲಿಂದ ಬಾಗೇವಾಡಿಯ ಬಸ್ಸು ಹಿಡಿದೆ. ಮತ್ತೆ ತಂಗಡಗಿಗೆ ಹೋಗಿಲ್ಲ.